ಅರೆ ಪೆಟ್ಟು ತಿಂದ ಬ್ಯಾಕ್ಟೀರಿಯಾ

ಎರಡು ಗಾಜಿನ ತಟ್ಟೆಗಳಿಂದ ಶುರು ಮಾಡುತ್ತೇನೆ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಪ್ರತಿ ವರ್ಷ ತಪ್ಪದೆ ಮಾಡಿಸುತ್ತಿದ್ದ ಪ್ರಯೋಗ ಇದು. ರೋಗ ತರದ, ಲ್ಯಾಬಿನಲ್ಲೇ ಬೆಳೆದು ಪಳಗಿದ ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು ಎರಡು ಕೊಳವೆಗಳಲ್ಲಿ ಬೆಳೆಸುತ್ತಿದ್ದೆವು. ಒಂದು ಕೊಳವೆಯದನ್ನು ನೇರವಾಗಿ ಕಡು ಹುಳಿ ದ್ರಾವಣಕ್ಕೆ ಹಾಕುವುದು. ಇನ್ನೊಂದನ್ನು ಮೊದಲು ಒಂದು ಗಂಟೆ ತೆಳು ಹುಳಿಯಲ್ಲಿ ಇಟ್ಟು, ಆಮೇಲೆ ಅದೇ ಕಡು ಹುಳಿಗೆ ಹಾಕುವುದು. ಎರಡರಿಂದಲೂ ಒಂದೊಂದು ಹನಿ ತೆಗೆದು ತಟ್ಟೆಗೆ ಸವರಿ, ರಾತ್ರಿ ಬೆಚ್ಚಗಿಟ್ಟು ಮನೆಗೆ ಹೋಗುತ್ತಿದ್ದೆವು.

ಬೆಳಿಗ್ಗೆ ಬಂದು ನೋಡಿದರೆ ಮೊದಲ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಎರಡನೆಯದರಲ್ಲಿ ರಾಗಿ ಚೆಲ್ಲಿದ ಹಾಗೆ ತಟ್ಟೆ ತುಂಬ ಚುಕ್ಕೆ. ಒಂದೊಂದು ಚುಕ್ಕೆಯೂ ಬದುಕುಳಿದ ಒಂದು ಬ್ಯಾಕ್ಟೀರಿಯಾ ಬೆಳೆದು ಆದ ಗುಂಪು. ಪ್ರತಿ ವರ್ಷವೂ ಯಾರಾದರೊಬ್ಬರು ಚೀಟಿ ಅದಲುಬದಲಾಗಿದೆ ಎಂದು ಓಡಿ ಬರುತ್ತಿದ್ದರು. ಎರಡು ಸಲ ಹುಳಿ ಕಂಡದ್ದು ಜಾಸ್ತಿ ಸಾಯಬೇಕಿತ್ತು, ಅಲ್ವಾ? ಉಳಿದದ್ದು ಅದೇ. "ಇನ್ನೊಂದು ಸಲ ಮಾಡಿ" ಎನ್ನುತ್ತಿದ್ದೆ. ಮತ್ತೆ ಅದೇ ಬರುತ್ತಿತ್ತು.

ಇದೇ ಕೆಲಸವನ್ನು ಸಾಲ್ಮೊನೆಲ್ಲಾ ಎಂಬ ಭೇದಿ ತರುವ ಬ್ಯಾಕ್ಟೀರಿಯಾದ ಮೇಲೆ ವಿಜ್ಞಾನಿ ಜಾನ್ ಫಾಸ್ಟರ್ ಮತ್ತು ಅವರ ಸಹೋದ್ಯೋಗಿ ಅಮೆರಿಕದಲ್ಲಿ ಮಾಡಿ 1990ರಲ್ಲಿ ಪ್ರಕಟಿಸಿದರು. ಹುಳಿಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಮೊಸರು ಹೆಚ್ಚುಕಡಿಮೆ 4.5, ನಿಂಬೆರಸ 2ರ ಆಸುಪಾಸು, ಹಸಿದ ಹೊಟ್ಟೆಯೊಳಗಿನ ರಸ 1.5ರಿಂದ 2. ಅವರು ಸಾಲ್ಮೊನೆಲ್ಲಾವನ್ನು ಮೊದಲು 5.8ರಲ್ಲಿ ಇಟ್ಟರು. ನಾಲಿಗೆಗೆ ಹುಳಿ ಎಂದು ಗೊತ್ತೇ ಆಗದಷ್ಟು ಅದು. ಆಮೇಲೆ 3.3ಕ್ಕೆ ಇಳಿಸಿದರು. ಮುಂಚೆ ತೆಳು ಹುಳಿ ಕಂಡ ಬ್ಯಾಕ್ಟೀರಿಯಾ, ಕಾಣದ್ದಕ್ಕಿಂತ ನೂರಾರು ಪಟ್ಟು ಚೆನ್ನಾಗಿ ಬದುಕಿತು.

ಇವತ್ತು ನಾನು ಹೇಳಬೇಕೆಂದಿರುವುದು ಇದರ ಸುತ್ತಲೇ ಇದೆ. ನಾವು ಬ್ಯಾಕ್ಟೀರಿಯಾಗೆ ಪೂರ್ತಿ ಪೆಟ್ಟು ಕೊಟ್ಟರೆ ಸಾಯುತ್ತದೆ. ಅರೆ ಪೆಟ್ಟು ಕೊಟ್ಟರೆ ತಯಾರಾಗುತ್ತದೆ. ಆ ತಯಾರಿ ಅಡುಗೆಮನೆಯಲ್ಲಿ ಮುಗಿಯುವುದಿಲ್ಲ, ನಮ್ಮ ಹೊಟ್ಟೆಯವರೆಗೂ ಬರುತ್ತದೆ.

"ತಯಾರಾಗುತ್ತದೆ", "ಕಲಿಯುತ್ತದೆ" ಎಂದು ಹೇಳುತ್ತಿರುತ್ತೇನೆ. ಅದು ಮಾತಿನ ಅನುಕೂಲಕ್ಕೆ. ಅದಕ್ಕೆ ಬುದ್ಧಿ ಇಲ್ಲ. ಮತ್ತೆ, ಪತ್ರಿಕೆಗಳಲ್ಲಿ ಓದುವ ಔಷಧಕ್ಕೆ ಬಗ್ಗದ ಹೊಸ ತಳಿಯ ವಿಷಯವೂ ಇದಲ್ಲ. ಇಲ್ಲಿ ಜೀನುಗಳು ಬದಲಾಗುವುದಿಲ್ಲ. ಇದ್ದ ಜೀನುಗಳಲ್ಲಿ ಕೆಲವನ್ನು ಆನ್ ಮಾಡುತ್ತದೆ, ಕೆಲವನ್ನು ಆಫ್ ಮಾಡುತ್ತದೆ, ಅಷ್ಟೆ. ಕಷ್ಟ ಕಳೆದ ಮೇಲೆ ನಿಧಾನವಾಗಿ ಹಳೆಯ ಸ್ಥಿತಿಗೆ ಮರಳುತ್ತದೆ. ಚಳಿಗೆ ಕಂಬಳಿ ಹೊದ್ದು, ಬಿಸಿಲು ಬಂದ ಮೇಲೆ ಮಡಿಸಿಟ್ಟ ಹಾಗೆ.

ಹುಳಿಯಲ್ಲಿ ಆಗುವುದೇನು? ಹುಳಿಯಲ್ಲಿರುವ ಪ್ರೋಟಾನು ಎಂಬ ಅತಿ ಸಣ್ಣ ಕಣಗಳು ಜೀವಕೋಶದೊಳಗೆ ನುಗ್ಗುತ್ತವೆ. ಒಳಗೆ ಅವು ಜಾಸ್ತಿಯಾದರೆ ಪ್ರೋಟೀನುಗಳ ಆಕಾರ ಕೆಡುತ್ತದೆ. ಇ. ಕೋಲಿಯ ಹತ್ತಿರ ಇದಕ್ಕೊಂದು ಚೊಕ್ಕ ಉಪಾಯ ಇದೆ. ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ಒಳಗೆ ಎಳೆದುಕೊಂಡು ಒಡೆಯುತ್ತದೆ. ಒಂದು ಗ್ಲುಟಮೇಟ್ ಒಡೆದರೆ ಒಂದು ಪ್ರೋಟಾನು ಖರ್ಚಾಗುತ್ತದೆ. ಉಳಿದ ಪದಾರ್ಥವನ್ನು ಹೊರಗೆ ಎಸೆದು ಇನ್ನೊಂದು ಗ್ಲುಟಮೇಟ್ ಎಳೆದುಕೊಳ್ಳುತ್ತದೆ. ತೂತು ಬಿದ್ದ ತೆಪ್ಪದಲ್ಲಿ ಕೂತವನು ನೀರು ಮೊಗೆಮೊಗೆದು ಚೆಲ್ಲುವ ಹಾಗೆ. ಗ್ಲುಟಮೇಟ್ ಎಲ್ಲಿಂದ ಬರುತ್ತದೆ ಎಂದರೆ ನಾವು ತಿಂದ ಊಟದಿಂದಲೇ. ಬೇಳೆಯಲ್ಲಿದೆ, ಟೊಮ್ಯಾಟೊದಲ್ಲಿದೆ, ಮಾಂಸದಲ್ಲಿದೆ.

ಈ ಶಕ್ತಿ ಎಷ್ಟು ದೊಡ್ಡದು ಎಂದು ಜಗತ್ತಿಗೆ ಗೊತ್ತಾದದ್ದು ಸೇಬಿನ ರಸದಿಂದ. 1996ರ ಅಕ್ಟೋಬರಿನಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ, ಕೆನಡಾದ ಒಂದು ಭಾಗದಲ್ಲಿ, ಒಡ್ವಾಲಾ ಕಂಪನಿಯ ಕಾಯಿಸದ ಸೇಬಿನ ರಸ ಕುಡಿದ 65ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಒಂದು ಪುಟ್ಟ ಹೆಣ್ಣುಮಗು ತೀರಿಕೊಂಡಿತು. ರಸದಲ್ಲಿ ಇದ್ದದ್ದು ಇ. ಕೋಲಿಯ ರೋಗ ತರುವ ಒಂದು ತಳಿ, ಒ157:ಎಚ್7. ಸೇಬಿನ ರಸದ ಪಿಎಚ್ 4ಕ್ಕಿಂತ ಕಡಿಮೆ. ಅಷ್ಟು ಹುಳಿಯಲ್ಲಿ ರೋಗಾಣು ಉಳಿಯುವುದಿಲ್ಲ ಎಂದೇ ಬಹಳ ಜನ ನಂಬಿದ್ದರು. ಅದು ಉಳಿದಿತ್ತು. ಅಷ್ಟೇ ಅಲ್ಲ, ಹುಳಿಗೆ ಒಗ್ಗಿಕೊಂಡದ್ದರಿಂದ ಮಗುವಿನ ಹೊಟ್ಟೆಯ ಆಮ್ಲವನ್ನು ದಾಟುವುದೂ ಸುಲಭವಾಗುತ್ತದೆ. ಈ ತಳಿಯ ನೂರಕ್ಕೂ ಕಡಿಮೆ ಕೋಶಗಳು ಒಳಗೆ ಹೋದರೂ ಕಾಯಿಲೆ ಬರುವುದಕ್ಕೆ ಇದೂ ಒಂದು ಕಾರಣ. 2001ರಲ್ಲಿ ಅಮೆರಿಕ ನಿಯಮ ಮಾಡಿತು: ರಸ ತಯಾರಿಸುವವರು ಒಂದು ಲಕ್ಷ ರೋಗಾಣು ಇದ್ದರೆ ಒಂದಕ್ಕೆ ಇಳಿಸುವಷ್ಟು ಸಂಸ್ಕರಣೆ ಮಾಡಲೇಬೇಕು.

ಹಾಗಾದರೆ ನಮ್ಮ ಮೊಸರು, ಇಡ್ಲಿ ಹಿಟ್ಟು? ನಿಮ್ಮ ಮುಖ ನೋಡಿದರೆ ಆ ಪ್ರಶ್ನೆ ಕಾಣುತ್ತಿದೆ. ಗಾಬರಿ ಬೇಡ. ಹಿಟ್ಟು ಹುಳಿ ಬರುವಾಗ ಲ್ಯೂಕೊನಾಸ್ಟಾಕ್‌ನಂಥ ಒಳ್ಳೆಯ ಬ್ಯಾಕ್ಟೀರಿಯಾಗಳು ಲಕ್ಷಗಟ್ಟಲೆ ಬೆಳೆದು ಜಾಗವನ್ನೂ ಊಟವನ್ನೂ ಹಿಡಿದುಬಿಡುತ್ತವೆ. ಬೇರೆಯವು ಬೆಳೆಯುವುದು ಕಷ್ಟ. ಆಮೇಲೆ ಇಡ್ಲಿ ಹಬೆಯಲ್ಲಿ ಬೇಯುತ್ತದೆ. ಅದು ಪೂರ್ತಿ ಪೆಟ್ಟು. ಮೊಸರಿಗೆ ಮೊದಲು ಹಾಲು ಕಾಯಿಸುತ್ತೇವೆ, ಅದೂ ಪೂರ್ತಿ ಪೆಟ್ಟು. ನನಗೆ ಆತಂಕ ಇರುವುದು ಕಾಯಿಸದ ಹಾಲಿಗೆ ಹೆಪ್ಪು ಹಾಕುವ ಕಡೆ. ಅಲ್ಲಿ ಹುಳಿ ನಿಧಾನವಾಗಿ ಏರುತ್ತದೆ. ನನ್ನ ಎರಡನೆಯ ಕೊಳವೆ ಅದೇ ತಾನೆ? ಹುಳಿಗೆ ಒಗ್ಗಿಸಿದ ಸಾಲ್ಮೊನೆಲ್ಲಾ ಚೀಸಿನಲ್ಲಿ ಒಗ್ಗಿಸದ್ದಕ್ಕಿಂತ ಜಾಸ್ತಿ ದಿನ ಬದುಕುವುದನ್ನು ತೊಂಬತ್ತರ ದಶಕದ ಶುರುವಿನಲ್ಲೇ ತೋರಿಸಿದ್ದಾರೆ.

ಇನ್ನು ಒಣಗುವ ಕಷ್ಟ. ಮೆಂತ್ಯದ ಕತೆ ಹೇಳುತ್ತೇನೆ. 2011ರ ಮೇ ತಿಂಗಳಲ್ಲಿ ಜರ್ಮನಿಯ ಉತ್ತರ ಭಾಗದಲ್ಲಿ ರಕ್ತ ಭೇದಿ, ಅದರ ಹಿಂದೆಯೇ ಮೂತ್ರಪಿಂಡ ಕೈಕೊಡುವ ಕಾಯಿಲೆ ಶುರುವಾಯಿತು. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಅನುಮಾನ ಬಂತು. ಅಲ್ಲಿನ ರೈತರು ಬೆಳೆದದ್ದನ್ನೆಲ್ಲ ಎಸೆಯಬೇಕಾಯಿತು. ಸೌತೆಕಾಯಿಯದು ತಪ್ಪೇ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಮೊಳಕೆಕಾಳು ಬೆಳೆಸುವ ಒಂದು ತೋಟ, ಅಲ್ಲಿಂದ ಹಿಂದಕ್ಕೆ ಹೋದರೆ ಈಜಿಪ್ಟಿನಿಂದ ಬಂದ ಮೆಂತ್ಯ. ಅದೇ ಜೂನಿನಲ್ಲಿ ಫ್ರಾನ್ಸಿನ ಬೋರ್ಡೋ ಹತ್ತಿರವೂ ಅದೇ ಇ. ಕೋಲಿ ತಳಿಯಿಂದ ಜನ ಕಾಯಿಲೆ ಬಿದ್ದರು. ಎರಡೂ ಕಡೆಗೆ ಸಂಬಂಧ ಕಲ್ಪಿಸುವ ಒಂದೇ ವಸ್ತು ಆ ಮೆಂತ್ಯ. ಒಟ್ಟು 4000ದ ಹತ್ತಿರ ಜನ ನರಳಿದರು, 50ಕ್ಕೂ ಹೆಚ್ಚು ಜನ ಸತ್ತರು.

ಆ ಮೆಂತ್ಯ ಯುರೋಪಿಗೆ ಬಂದದ್ದು 2009ರಲ್ಲಿ. ಅಂದರೆ ಒಂದೂವರೆ ವರ್ಷ ಗೋದಾಮಿನಲ್ಲಿ ಒಣಕಾಳಿನ ಜೊತೆ ಬ್ಯಾಕ್ಟೀರಿಯಾ ಸುಮ್ನೆ ಕೂತಿದ್ದಿರಬೇಕು. ನೀರು ಬೀಳಲಿ ಎಂದು ಕಾದ ಹಾಗೆ. ಮೊಳಕೆ ಬರಿಸಲು ಕಾಳು ನೆನೆಸಿದಾಗ ಅದೂ ಎದ್ದಿತು. ಬೆಚ್ಚಗೆ, ಒದ್ದೆಯಾಗಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಕಾಳು ಮೊಳೆಯುವ ಹಾಗೆಯೇ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಮ್ಮಲ್ಲಿ ಮೊಳಕೆಕಾಳನ್ನು ಸಾರಿಗೋ ಉಸಲಿಗೋ ಹಾಕಿ ಬೇಯಿಸುತ್ತಿದ್ದೆವು. ಈಗ ಆರೋಗ್ಯಕ್ಕೆ ಒಳ್ಳೆಯದೆಂದು ಹಸಿಯಾಗಿ ತಿನ್ನುವವರು ಜಾಸ್ತಿಯಾಗಿದ್ದಾರೆ. ಮನೆಯಲ್ಲಿ ಎಳೆ ಮಕ್ಕಳು, ಬಸುರಿಯರು, ವಯಸ್ಸಾದವರು ಇದ್ದರೆ ಬೇಯಿಸಿಯೇ ಕೊಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಒಣಗಿದ ಬ್ಯಾಕ್ಟೀರಿಯಾಗೆ ಇನ್ನೊಂದು ಬಲ ಬರುತ್ತದೆ. ಬಿಸಿಯನ್ನು ತಡೆಯುತ್ತದೆ. ನೆನೆಸಿದ ಕಡಲೆ ಕುಕ್ಕರಿನಲ್ಲಿ ಬೇಯುತ್ತದೆ. ಒಣ ಕಡಲೆಯನ್ನು ಬಾಣಲೆಯಲ್ಲಿ ಎಷ್ಟು ಹೊತ್ತು ಹುರಿದರೂ ಹುರಿಗಡಲೆ ಆದೀತೇ ಹೊರತು ಬೇಯುವುದಿಲ್ಲ. ಬೇಯಲು ನೀರು ಬೇಕು. ಬ್ಯಾಕ್ಟೀರಿಯಾದ ಪ್ರೋಟೀನಿಗೂ ಹಾಗೆಯೇ. 70 ಡಿಗ್ರಿಯಲ್ಲಿ ಸಾರಿನೊಳಗಿನ ಸಾಲ್ಮೊನೆಲ್ಲಾ ಕ್ಷಣಗಳಲ್ಲಿ ಸಾಯುತ್ತದೆ. ಅದೇ ಬಿಸಿಯಲ್ಲಿ ಚಾಕಲೇಟಿನೊಳಗಿನದು ಗಂಟೆಗಟ್ಟಲೆ ಬದುಕುತ್ತದೆ. ನೀರಿಲ್ಲ, ಸುತ್ತ ಕೊಬ್ಬು. 2008–09ರಲ್ಲಿ ಅಮೆರಿಕದಲ್ಲಿ ಕಡಲೆಕಾಯಿ ಬೆಣ್ಣೆಯಿಂದ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, 9 ಜನ ಸತ್ತದ್ದರ ಹಿಂದೆ ಇದ್ದದ್ದೂ ಸಾಲ್ಮೊನೆಲ್ಲಾ.

ಈಗ ನನ್ನ ಮನಸ್ಸಿಗೆ ತೀರಾ ಹತ್ತಿರದ ವಿಷಯಕ್ಕೆ ಬರುತ್ತೇನೆ. ಬಹಳ ವರ್ಷಗಳ ಹಿಂದೆ ಮಂಡ್ಯದ ಕಡೆ ನಮ್ಮ ನೆಂಟರ ಮನೆಯಲ್ಲಿ ಬೀಗರ ಊಟ. ದೊಡ್ಡ ಕೊಳಗದಲ್ಲಿ ಮಟನ್ ಸಾರು. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚಿ, ಆರೂವರೆ ಹೊತ್ತಿಗೆ ಸಾರು ಇಳಿಸಿ, ಮೇಲೆ ತಟ್ಟೆ ಮುಚ್ಚಿ, ಅದರ ಮೇಲೆ ಒದ್ದೆ ಗೋಣಿಚೀಲ ಹಾಕಿದ್ದರು. ಊಟಕ್ಕೆ ಕೂತದ್ದು ಮಧ್ಯಾಹ್ನ ಎರಡಕ್ಕೆ. ಬಡಿಸುವಾಗ ಸಾರು ಇನ್ನೂ ಬೆಚ್ಚಗಿತ್ತು. "ನೋಡಿ, ಇನ್ನೂ ಬಿಸಿ ಆರಿಲ್ಲ" ಎಂದು ಅಡುಗೆಯ ಅಣ್ಣ ಸಂತೋಷದಿಂದ ಸೌಟು ಎತ್ತಿ ತೋರಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ರಾತ್ರಿ ಹನ್ನೆರಡರ ಮೇಲೆ ಒಬ್ಬೊಬ್ಬರಿಗೇ ಹೊಟ್ಟೆ ನುಲಿತ, ಭೇದಿ. ವಾಂತಿ ಯಾರಿಗೂ ಇಲ್ಲ, ಜ್ವರ ಇಲ್ಲ. ಮಾರನೆಯ ದಿನ ಸಂಜೆಗೆ ಬಹುತೇಕ ಎಲ್ಲರೂ ಸುಧಾರಿಸಿಕೊಂಡರು. ಬೈಗಳು ಬಿದ್ದದ್ದು ಅಡುಗೆಯವರಿಗೆ. ಸರಿಯಾಗಿ ಬೇಯಿಸಿಲ್ಲ ಎಂದು. ಆ ಮನುಷ್ಯ ಕಣ್ಣಲ್ಲಿ ನೀರು ತಂದುಕೊಂಡು, "ಎರಡು ಗಂಟೆ ಕುದಿಸಿದ್ದೀನಿ, ನಮ್ಮಪ್ಪನಾಣೆ" ಎಂದ. ಅವನಿಗೆ ಉಳಿದ ದುಡ್ಡು ಕೊಡಲಿಲ್ಲ. ಆಗ ನಾನು ಓದುವ ಹುಡುಗ, ಏನೂ ಹೇಳಲು ತಿಳಿಯಲಿಲ್ಲ. ಸಾರನ್ನು ಯಾರೂ ಲ್ಯಾಬಿಗೆ ಕಳಿಸಲಿಲ್ಲ, ಆದ್ದರಿಂದ ಇದೇ ಬ್ಯಾಕ್ಟೀರಿಯಾ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಆಮೇಲೆ ಪುಸ್ತಕದಲ್ಲಿ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಬಗ್ಗೆ ಓದಿದಾಗ ಆ ರಾತ್ರಿಯೇ ಕಣ್ಣ ಮುಂದೆ ಬಂತು. ಗಂಟೆಗಳ ಲೆಕ್ಕವೂ ಸರಿ, ಲಕ್ಷಣವೂ ಸರಿ.

ಈ ಬ್ಯಾಕ್ಟೀರಿಯಾ ಕಷ್ಟ ಬಂದಾಗ ಸ್ಪೋರ್ ಆಗುತ್ತದೆ. ಗಟ್ಟಿ ಸಿಪ್ಪೆಯ ಬೀಜ ಎಂದುಕೊಳ್ಳಿ. ಕೆಲವು ಸ್ಪೋರುಗಳು ಕುದಿಯುವ ಸಾರಿನಲ್ಲೂ ಸಾಯುವುದಿಲ್ಲ. ಸಾಯದೆ ಇರುವುದು ಮಾತ್ರವಲ್ಲ, ಆ ಬಿಸಿಯೇ ಅವನ್ನು ಮೊಳೆಯಲು ಎಬ್ಬಿಸುತ್ತದೆ. ಕುದಿತ ಇನ್ನೂ ಎರಡು ಉಪಕಾರ ಮಾಡುತ್ತದೆ. ಪೈಪೋಟಿಗೆ ಇದ್ದ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಸಾರಿನಲ್ಲಿ ಕರಗಿದ್ದ ಆಮ್ಲಜನಕವನ್ನು ಓಡಿಸುತ್ತದೆ, ಇದಕ್ಕೆ ಆಮ್ಲಜನಕ ಆಗದು. ಆಮೇಲೆ ಕೊಳಗ ನಿಧಾನವಾಗಿ ಆರುತ್ತಾ 45 ಡಿಗ್ರಿ ಆಸುಪಾಸಿಗೆ ಬಂತೆನ್ನಿ. ಅದು ಇದಕ್ಕೆ ಹೇಳಿ ಮಾಡಿಸಿದ ಬಿಸಿ. ಹತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಲೆಕ್ಕ ಹಾಕಿ ನೋಡಿ. ಎಲ್ಲವೂ ಅದಕ್ಕೆ ಅನುಕೂಲವಾಗಿ ನಡೆದರೆ ಐದು ಗಂಟೆಯಲ್ಲಿ ಒಂದೇ ಒಂದು ಕೋಶ ನೂರು ಕೋಟಿ ದಾಟುತ್ತದೆ.

ಅಡುಗೆಯ ಅಣ್ಣ ಹೇಳಿದ್ದು ನಿಜ. ಅವನು ಚೆನ್ನಾಗಿಯೇ ಬೇಯಿಸಿದ್ದ. ಎಡವಟ್ಟಾದದ್ದು ಆರೂವರೆಯಿಂದ ಎರಡರವರೆಗೆ.

ಇದರ ಮುಂದಿನ ಭಾಗ ಇನ್ನೂ ವಿಚಿತ್ರ. ಸಾರಿನಲ್ಲಿ ಬೆಳೆದ ಈ ಕೋಶಗಳು ನಮ್ಮೊಳಗೆ ಹೋದಾಗ ಬಹಳಷ್ಟು ಹೊಟ್ಟೆಯ ಆಮ್ಲದಲ್ಲಿ ಸಾಯುತ್ತವೆ. ಸಣ್ಣ ಕರುಳು ಮುಟ್ಟಿದವು ಅಲ್ಲಿ ಮತ್ತೆ ಸ್ಪೋರ್ ಕಟ್ಟಲು ಶುರು ಮಾಡುತ್ತವೆ. ಸ್ಪೋರ್ ಕಟ್ಟುವಾಗಲೇ ಅದರೊಳಗೆ ವಿಷದ ಪ್ರೋಟೀನು ತಯಾರಾಗುವುದು. ಸ್ಪೋರ್ ಹೊರಬರಲು ತಾಯಿಕೋಶ ಒಡೆದಾಗ ಆ ವಿಷ ನಮ್ಮ ಕರುಳಿಗೆ ಸುರಿಯುತ್ತದೆ. ತನ್ನ ಜೀವ ಉಳಿಸಿಕೊಳ್ಳುವ ಕೆಲಸ, ನಮಗೆ ಭೇದಿ ತರುವ ಕೆಲಸ, ಎರಡೂ ಒಂದೇ.

ಬೇರೆ ರೋಗಾಣುಗಳಲ್ಲೂ ಈ ಎರಡು ಹೀಗೆ ಹೆಣೆದುಕೊಂಡಿವೆ. ಯಾಕೆ ಎಂದು ಯೋಚಿಸಿ. ರೋಗಾಣುವಿನ ಕಡೆಯಿಂದ ನೋಡಿದರೆ ನಮ್ಮ ಮೈ ಎಂದರೇನು? ಬರೀ ಕಷ್ಟಗಳ ಸಾಲು. ಮೊದಲು ಆಮ್ಲ. ಆಮೇಲೆ ಪಿತ್ತರಸ. ಆಮ್ಲಜನಕ ಕಡಿಮೆ. ಉಪ್ಪು ಬೇರೆ. ಕರುಳಿನ ಗೋಡೆ ದಾಟಿದರೆ ನುಂಗಲು ಕಾದಿರುವ ಬಿಳಿ ರಕ್ತಕಣಗಳು. ಆದ್ದರಿಂದ ಕಷ್ಟ ತಡೆಯುವ ಸ್ವಿಚ್ಚಿಗೇ ರೋಗ ತರುವ ಸ್ವಿಚ್ಚನ್ನೂ ಕಟ್ಟಿಕೊಂಡಿರುವುದು ಅದಕ್ಕೆ ಲಾಭ. ಸಾಲ್ಮೊನೆಲ್ಲಾದಲ್ಲಿ ಆರ್‌ಪಿಒಎಸ್ ಎಂಬ ಒಂದು ಪ್ರೋಟೀನು ಇದೆ. ಹಸಿವು, ಹುಳಿ, ಉಪ್ಪು, ಏನೇ ಬಂದರೂ ಅದು ಎದ್ದು ರಕ್ಷಣೆಯ ಜೀನುಗಳನ್ನು ಆನ್ ಮಾಡುತ್ತದೆ. ಅದನ್ನು ತೆಗೆದುಹಾಕಿದ ಸಾಲ್ಮೊನೆಲ್ಲಾವನ್ನು ಇಲಿಗಳಿಗೆ ಕೊಟ್ಟರೆ ರೋಗ ತರುವ ಶಕ್ತಿ ಬಹಳ ಕುಗ್ಗಿರುತ್ತದೆ. ರೋಗದ ಕೆಲವು ಜೀನುಗಳೂ ಅದರ ಕೈಯಲ್ಲೇ ಇವೆ.

ಬಿಳಿ ರಕ್ತಕಣ ಸಾಲ್ಮೊನೆಲ್ಲಾವನ್ನು ನುಂಗಿ, ಅದರ ಮೇಲೆ ಆಮ್ಲ ಸುರಿಯುತ್ತದೆ. ಕೊಲ್ಲಲೆಂದೇ ಸುರಿಯುವುದು. ಆದರೆ ಸಾಲ್ಮೊನೆಲ್ಲಾಗೆ ಆ ಆಮ್ಲವೇ ವಿಳಾಸ. ನಾನೀಗ ಕಣದ ಒಳಗೆ ಇದ್ದೇನೆ ಎಂದು ಅದರಿಂದ ಗೊತ್ತಾಗಿ, ಒಳಗೇ ಮನೆ ಮಾಡಿಕೊಳ್ಳುವ ಸಾಧನಗಳನ್ನು ಹೊರತೆಗೆಯುತ್ತದೆ. ಪಿತ್ತರಸ ಇದಕ್ಕೆ ತಿರುಗಾ ಕೆಲಸ ಮಾಡುತ್ತದೆ. ಕರುಳಿನ ನಡುವೆ ಪಿತ್ತರಸ ಜಾಸ್ತಿ ಇರುವಲ್ಲಿ ಸಾಲ್ಮೊನೆಲ್ಲಾ ತನ್ನ ಒಳನುಗ್ಗುವ ಜೀನುಗಳನ್ನು ತಡೆದಿಟ್ಟುಕೊಳ್ಳುತ್ತದೆ. ಬಾಗಿಲು ಇನ್ನೂ ಬಂದಿಲ್ಲ ಎಂದು. ಹಾಗಾಗಿ ಕಷ್ಟ ಕೊಟ್ಟರೆ ರೋಗಾಣು ಉಗ್ರವಾಗುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳುವುದು ತಪ್ಪು. ಯಾವ ಕಷ್ಟ, ಎಷ್ಟು, ಯಾವಾಗ ಎಂದು ಕೇಳಬೇಕು.

ಲಿಸ್ಟೀರಿಯಾ ಎಂಬ ರೋಗಾಣು ಇದಕ್ಕೆ ಒಳ್ಳೆಯ ಉದಾಹರಣೆ. ಫ್ರಿಜ್ಜಿನ ಚಳಿಯಲ್ಲಿ ಬೇರೆಯವು ನಿಂತುಹೋದರೆ ಇದು ನಿಧಾನವಾಗಿ ಬೆಳೆಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಪೊಲೋನಿ ಎಂಬ ತಣ್ಣಗೆ ತಿನ್ನುವ ಮಾಂಸದ ತಿನಿಸಿನಿಂದ 1000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, 200ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹಸುಗೂಸುಗಳೂ ಇದ್ದವು. ಆದರೆ ಚಳಿಯಲ್ಲಿ ಇರುವಾಗ ಅದರ ರೋಗದ ಜೀನುಗಳು ಮುಚ್ಚಿರುತ್ತವೆ. ಅದಕ್ಕೊಂದು ಬೀಗ ಇದೆ. ರೋಗದ ಜೀನುಗಳನ್ನು ನಡೆಸುವ ಪ್ರೋಟೀನನ್ನು ತಯಾರಿಸುವ ಸೂಚನೆ ಹೊತ್ತ ಎಳೆ, ಅಂದರೆ ಆರ್‌ಎನ್‌ಎ, ತಣ್ಣಗಿರುವಾಗ ಮಡಿಸಿಕೊಂಡು ಗಂಟು ಹಾಕಿಕೊಂಡಿರುತ್ತದೆ. 37 ಡಿಗ್ರಿ ಬಂದಾಗ ಆ ಗಂಟು ಸಡಿಲವಾಗಿ ಪ್ರೋಟೀನು ತಯಾರಾಗುತ್ತದೆ. 37 ಅಂದರೆ ನಮ್ಮ ಮೈ ಬಿಸಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಆಕಾಶಕ್ಕೆ ಹೋಗಿಬರೋಣ. 2006ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಟ್ಲಾಂಟಿಸ್ ಬಾಹ್ಯಾಕಾಶ ನೌಕೆಯಲ್ಲಿ ಸಾಲ್ಮೊನೆಲ್ಲಾವನ್ನು ಕಳಿಸಿ ಬೆಳೆಸಿದ್ದರು. ಶೆರಿಲ್ ನಿಕರ್ಸನ್ ಅವರ ತಂಡದ ಕೆಲಸ. ವಾಪಸು ಬಂದ ಮೇಲೆ ಇಲಿಗಳಿಗೆ ಕೊಟ್ಟು ನೋಡಿದರೆ, ಭೂಮಿಯಲ್ಲಿ ಬೆಳೆದದ್ದಕ್ಕಿಂತ ಅದು ಜಾಸ್ತಿ ಉಗ್ರವಾಗಿತ್ತು. 167 ಜೀನುಗಳ ನಡವಳಿಕೆ ಬದಲಾಗಿತ್ತು. ಯಾಕಿರಬಹುದು? ಭಾರವಿಲ್ಲದ ಕಡೆ ದ್ರವ ಕದಲದೆ ನಿಂತಿರುತ್ತದೆ, ಕೋಶದ ಮೇಲೆ ಉಜ್ಜಾಟ ಕಡಿಮೆ. ನಮ್ಮ ಕರುಳಿನ ಗೋಡೆಯ ಸಂದಿಗಳಲ್ಲೂ ಅಂಥದೇ ಶಾಂತ ಜಾಗಗಳಿವೆ. ಕರುಳಿಗೆ ಬಂದ ಹಾಗೆ ಅದಕ್ಕೆ ಅನಿಸಿತು ಎನ್ನುವುದು ಅವರ ವಿವರಣೆ. ನನಗಂತೂ ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು.

ಮತ್ತೆ ನೆಲಕ್ಕೆ ಬರೋಣ. ಒ157ರ ವಿಷದ ಜೀನು ನಿಜವಾಗಿ ಅದರದ್ದಲ್ಲ. ಅದರ ಡಿಎನ್‌ಎಯಲ್ಲಿ ಸೇರಿಕೊಂಡು ಮಲಗಿರುವ ಒಂದು ವೈರಸ್ಸಿನದು. ಬ್ಯಾಕ್ಟೀರಿಯಾದ ಡಿಎನ್‌ಎಗೆ ಏಟು ಬಿದ್ದರೆ ವೈರಸ್ ಎಚ್ಚರವಾಗುತ್ತದೆ, ಮನೆ ಸುಡುವ ಮೊದಲು ಹೊರಗೆ ಓಡುವವರ ಹಾಗೆ. ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತಾ ವಿಷವನ್ನೂ ತಯಾರಿಸಿ, ಕೋಶವನ್ನು ಒಡೆದು ಹೊರಬರುತ್ತದೆ. ಆ ಏಟು ಎಲ್ಲಿಂದ ಬೀಳುತ್ತದೆ? ನಮ್ಮ ರಕ್ತಕಣಗಳಿಂದ ಬೀಳಬಹುದು. ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್ಕಿನಿಂದಲೂ ಬೀಳುತ್ತದೆ. ಅದಕ್ಕೇ ಈ ತಳಿಯ ಅನುಮಾನ ಇದ್ದರೆ ಡಾಕ್ಟರುಗಳು ಆಂಟಿಬಯಾಟಿಕ್ ಕೊಡಲು ಹಿಂದೆಮುಂದೆ ನೋಡುತ್ತಾರೆ. ಮಗುವಿಗೆ ರಕ್ತ ಭೇದಿ ಆದಾಗ ಮೆಡಿಕಲ್ ಸ್ಟೋರಿಗೆ ಹೋಗಿ ನಾವೇ ಮಾತ್ರೆ ತಂದು ಕೊಡುವ ಅಭ್ಯಾಸ ನಮ್ಮೂರುಗಳಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಓಆರ್‌ಎಸ್ ಕುಡಿಸುತ್ತಾ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಹಾಗಾದರೆ ಅಡುಗೆಮನೆಯಲ್ಲಿ ಏನು ಮಾಡುವುದು? ನಮ್ಮ ಮಾವಿನಕಾಯಿ ಉಪ್ಪಿನಕಾಯಿ ನೋಡಿ. ಉಪ್ಪು, ಹುಳಿ, ಖಾರದಪುಡಿ, ಸಾಸಿವೆ, ಮೇಲೆ ಎಣ್ಣೆ. ಎಲ್ಲ ಒಟ್ಟಿಗೆ ಬೀಳುತ್ತದೆ. ಜರ್ಮನಿಯ ಆಹಾರ ವಿಜ್ಞಾನಿ ಲೋಥರ್ ಲೈಸ್ಟ್ನರ್ ಇದನ್ನೇ ಶಾಸ್ತ್ರವಾಗಿ ಹೇಳಿದರು. ಹಲವು ಅಡ್ಡಿಗಳನ್ನು ಒಂದೇ ಸಲ ಒಡ್ಡಿದರೆ, ಎಲ್ಲದರ ಜೊತೆ ಹೆಣಗಿ ಹೆಣಗಿ ಬ್ಯಾಕ್ಟೀರಿಯಾದ ಶಕ್ತಿ ಖಾಲಿಯಾಗುತ್ತದೆ. ಅದೇ ಅಡ್ಡಿಗಳನ್ನು ಒಂದರ ಹಿಂದೆ ಒಂದು, ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಪ್ರತಿಯೊಂದಕ್ಕೂ ಒಗ್ಗಿಕೊಂಡು ಮುಂದೆ ಹೋಗುತ್ತದೆ. ನಿನ್ನೆಯ ಸಾರನ್ನು ಉಗುರುಬೆಚ್ಚಗೆ ಮಾಡಿ ಬಡಿಸುವುದು ಅಂಥ ಅರೆ ಪೆಟ್ಟು. ಬಿಸಿ ಮಾಡುವುದಾದರೆ ಬೇಗ ಮಾಡಿ, ಕುದಿ ಬರಿಸಿ. ಆದರೆ ರಾತ್ರಿಯೆಲ್ಲ ಹೊರಗಿದ್ದ ಅನ್ನದ ವಿಷಯದಲ್ಲಿ ಕುದಿ ಬರಿಸಿದರೂ ಉಪಯೋಗವಿಲ್ಲ. ಬೆಸಿಲಸ್ ಸೀರಿಯಸ್ ಎಂಬುದು ಅದರಲ್ಲಿ ಬೆಳೆದು ಬಿಟ್ಟ ವಾಂತಿಯ ವಿಷ ಒಗ್ಗರಣೆಯ ಬಿಸಿಗೆ ಹಾಳಾಗುವುದಿಲ್ಲ. ಬೆಳಗಿನ ಚಿತ್ರಾನ್ನಕ್ಕೆ ಅನ್ನ ಉಳಿಸುವುದಾದರೆ ರಾತ್ರಿಯೇ ಹರಡಿ ಆರಿಸಿ ಫ್ರಿಜ್ಜಿನಲ್ಲಿಡಿ. ಮಾಡಿದ ಅಡುಗೆ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು, ಬಿಸಿ ಇಡುವುದಾದರೆ 60 ಡಿಗ್ರಿಗಿಂತ ಮೇಲೆ, ತಣ್ಣಗಿಡುವುದಾದರೆ 5ಕ್ಕಿಂತ ಕೆಳಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ನನ್ನ ಭಾಷಣ ಮುಗಿದು ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಮದುವೆ ಅಡುಗೆ ಮಾಡಿಸುವವರು. "ಸಾರ್, ಇನ್ನೂರು ಲೀಟರ್ ಸಾರನ್ನ ಎರಡು ಗಂಟೆಲಿ ತಣಿಸೋದು ಹೆಂಗೆ? ನೀವು ಹೇಳಿದ್ದೆಲ್ಲ ಮನೆ ಪಾತ್ರೆಗೆ ಸರಿ."

ಅವರು ಕೇಳಿದ್ದು ಸರಿಯಾಗಿತ್ತು. ಆಳವಾದ ಕೊಳಗದ ನಡುಭಾಗ ಅಷ್ಟು ಬೇಗ ಆರುವುದೇ ಇಲ್ಲ. ನಾಲ್ಕು ಬೆರಳು ಎತ್ತರದ ಅಗಲ ತಟ್ಟೆಗಳಿಗೆ ಹಂಚಿ, ತಣ್ಣೀರಿನ ತೊಟ್ಟಿಯಲ್ಲಿ ಇಟ್ಟು, ಆಗಾಗ ತಿರುವಬೇಕು ಎಂದೆ.

"ಛತ್ರದಲ್ಲಿ ಅಷ್ಟು ತಟ್ಟೆ ಎಲ್ಲಿ ಸಾರ್ ಇರ್ತವೆ?"

"ಹಾಗಾದರೆ ತಣಿಸಲೇಬೇಡಿ ಅಣ್ಣಾ. ಊಟಕ್ಕೆ ಕೂರುವವರೆಗೂ ಒಲೆ ಮೇಲೇ ಇರಲಿ. ಮುಚ್ಚಳ ತೆಗೆದು ಅಡಿಯಿಂದ ತಿರುವುತ್ತಾ ಇರಿ. ಸೌಟಿನಲ್ಲಿ ಎತ್ತಿದರೆ ಹೊಗೆಯಾಡಬೇಕು."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಸಿಮ್ಮಲ್ಲಿ ಇಟ್ಟು, ಅಂಚಲ್ಲಿ ಸಣ್ಣ ಗುಳ್ಳೆ ಏಳ್ತಾ ಇದ್ರೆ ಸಾಕಾ?"

ಸಾಕು ಎಂದೆ.

"ಗ್ಯಾಸು ಒಂದು ಸಿಲಿಂಡರ್ ಜಾಸ್ತಿ ಹಿಡೀತದೆ, ಅದನ್ನ ರೇಟಲ್ಲಿ ಸೇರಿಸ್ಕೊಂತೀನಿ ಬಿಡಿ" ಎಂದು ಕೂತರು.